ರಾಜ ಹೋದ, ಹೋಬಳಿ ಉಳೀತು: ವೇಲ್ಸ್‌ನ ಪುಟ್ಟ ರಾಜ್ಯಗಳ ಕಥೆ

ಭಾಗ 1

"ವೇಲ್ಸ್ ಅಂದ್ರೆ ಇಂಗ್ಲೆಂಡಿನ ಒಂದು ಜಿಲ್ಲೆ ತಾನೆ?"

ಕಳೆದ ವಾರ ಕ್ಯಾಂಟೀನಲ್ಲಿ ಒಬ್ಬ ಹೀಗೆ ಕೇಳ್ದ. ಹೆಸರು ಹೇಳಲ್ಲ, ಅವನೂ ಇದನ್ನ ಓದ್ತಿರ್ತಾನೆ. ಅವನ ತಪ್ಪೇನಿಲ್ಲ ಬಿಡಿ, ಪಿಯುಸಿ ಮುಗಿಯೋ ತನಕ ನಾನೂ ಹಾಗೇ ಅಂದ್ಕೊಂಡಿದ್ದೆ. ಉತ್ತರ ಒಂದು ಸಾಲಲ್ಲಿ ಹೇಳಬಹುದಿತ್ತು: ಅಲ್ಲ, ಅದು ಬೇರೆ ದೇಶ, ಬೇರೆ ಭಾಷೆ. ಆದ್ರೆ ಹುಡುಕ್ತಾ ಹೋದ್ರೆ ಅದು ಒಂದು ದೇಶ ಆಗೋಕೆ ಮುಂಚೆ ಹತ್ತು ಹನ್ನೆರಡು ಪುಟ್ಟ ರಾಜ್ಯಗಳಾಗಿತ್ತು ಅನ್ನೋದು ಸಿಕ್ತು. ಅಲ್ಲಿಂದ ನನಗೆ ನಿದ್ದೆ ಬಂದಿಲ್ಲ. ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇದ್ರೂ ಇದನ್ನೇ ಓದ್ತಾ ಕೂತಿದ್ದೆ.

ಮೊದಲ ಸ್ಲೈಡ್‌ನಲ್ಲಿರೋ ನಕ್ಷೆ ನಾನೇ ಬಿಡಿಸಿದ್ದು, ಲೆಡ್ಜರ್ ಶೀಟಿನ ಹಿಂಭಾಗದಲ್ಲಿ. ಗೆರೆ ಸೊಟ್ಟಗಿದೆ, ಗೊತ್ತು. ಆ ಕಾಲದ ಗಡಿಗಳೂ ಸೊಟ್ಟಗೇ ಇದ್ವು.

5ನೇ ಶತಮಾನದ ಶುರುವಲ್ಲಿ ಬ್ರಿಟನ್‌ನಲ್ಲಿ ರೋಮನ್ ಆಡಳಿತ ಮುಗೀತು. ಪೂರ್ವದ ಕಡೆ ಆಂಗ್ಲೋ-ಸ್ಯಾಕ್ಸನ್ನರು ರಾಜ್ಯ ಕಟ್ಟಿದ್ರು. ಪಶ್ಚಿಮದ ಬೆಟ್ಟಗುಡ್ಡದ ಕಡೆ ಮೊದಲಿಂದಲೂ ಇದ್ದ ಬ್ರಿಟನ್ನರು ತಮ್ಮ ತಮ್ಮ ರಾಜ್ಯ ಮಾಡ್ಕೊಂಡ್ರು. 'ವೇಲ್ಸ್' ಅನ್ನೋ ಹೆಸರು ಇಂಗ್ಲಿಷರು ಕೊಟ್ಟಿದ್ದು, ಅದರ ಮೂಲದಲ್ಲಿರೋ ಪದಕ್ಕೆ 'ಪರಕೀಯ' ಅಂತ ಅರ್ಥ. ಅವರ ನೆಲದಲ್ಲೇ ಅವರನ್ನ ಪರಕೀಯರು ಅಂತ ಕರೆದ್ರು ನೋಡಿ. ಅವರು ತಮ್ಮನ್ನ ಕರ್ಕೊಳ್ಳೋದು 'ಕಮ್ರಿ' ಅಂತ, ಅಂದ್ರೆ ಒಂದೇ ನಾಡಿನವರು.

ವಾಯವ್ಯದಲ್ಲಿ ಗ್ವಿನೆದ್, ಪೂರ್ವದಲ್ಲಿ ಪೊವಿಸ್, ನೈಋತ್ಯದಲ್ಲಿ ಡವೆಡ್, ಆಗ್ನೇಯದಲ್ಲಿ ಗ್ಲಿವಿಸಿಂಗ್ ಮತ್ತು ಗ್ವೆಂಟ್. ಇವು ದೊಡ್ಡವು. ಇವುಗಳ ಒಳಗೆ, ಇವುಗಳ ಮಧ್ಯೆ ಸಿಕ್ಕಿಹಾಕ್ಕೊಂಡು ಸಣ್ಣವು: ರೋಸ್, ರಿವೊನಿಯೋಗ್, ಡಿನೋಡಿಂಗ್, ಮೈರಿಯೊನಿದ್, ಕೆರೆಡಿಗಿಯಾನ್, ಬ್ರಖೈನಿಯೋಗ್, ಎರ್ಗಿಂಗ್. ಇಡೀ ವೇಲ್ಸ್ ಸುಮಾರು 20,800 ಚದರ ಕಿಲೋಮೀಟರ್. ಅಷ್ಟರಲ್ಲಿ ಇಷ್ಟು ಜನ ರಾಜರು! ಈ ಸರಣಿ ದೊಡ್ಡವರದ್ದಲ್ಲ, ಸಣ್ಣವರದ್ದು.

(ಉಚ್ಚಾರಣೆಗೆ: ಅವರ ಬರಹದಲ್ಲಿ 'ಎಫ್' ಅಂದ್ರೆ ವ, 'ಡಬ್ಲ್ಯೂ' ಎಷ್ಟೋ ಕಡೆ ಉ, ಎರಡು 'ಡಿ' ಸೇರಿದ್ರೆ ನಮ್ಮ ದ ಥರ. ಕೆರೆಡಿಗಿಯಾನ್‌ನಲ್ಲಿ ಕೆರೆ ಇದೆಯಾ ಅಂತ ಕಾಮೆಂಟ್ ಹಾಕಬೇಡಿ, ಆ ಜೋಕ್ ನಾನಾಗ್ಲೇ ಮಾಡಿ ಆಯ್ತು.)

ಭಾಗ 2

ಹೆಸರುಗಳನ್ನ ಸ್ವಲ್ಪ ಬಿಡಿಸಿ ನೋಡೋಣ. ರಾಜ್ಯ ಎಲ್ಲಿಂದ ಬಂತು ಅನ್ನೋದು ಹೆಸರಲ್ಲೇ ಅಡಗಿದೆ.

ಕೆಲವು ರೋಮನ್ ಕಾಲದ್ದು. ಗ್ವೆಂಟ್ ಅನ್ನೋದು ವೆಂಟಾ ಅನ್ನೋ ರೋಮನ್ ಪಟ್ಟಣದ ಹೆಸರಿಂದ ಬಂದಿದ್ದು, ಅದು ಈಗಿನ ಕೈರ್‌ವೆಂಟ್. ಎರ್ಗಿಂಗ್ ಕೂಡ ಹಾಗೇ, ಅರಿಕೋನಿಯಂ ಅನ್ನೋ ಊರಿಂದ. ಡವೆಡ್ ಇನ್ನೂ ಹಳೇದು. ರೋಮನ್ನರು ಬಂದಾಗ ಅಲ್ಲಿದ್ದ ಡೆಮೆಟೆ ಅನ್ನೋ ಬುಡಕಟ್ಟಿನ ಹೆಸರು ಸವೆದು ಸವೆದು ಡವೆಡ್ ಆಯ್ತು.

ಮಿಕ್ಕಿದ್ದರಲ್ಲಿ ಹೆಚ್ಚಿನವು ಒಬ್ಬ ಮನುಷ್ಯನ ಹೆಸರು ಮತ್ತು ಒಂದು ಬಾಲ. ಕೆರೆಡಿಗ್‌ನ ನಾಡು ಕೆರೆಡಿಗಿಯಾನ್. ಬ್ರಖಾನ್‌ನದು ಬ್ರಖೈನಿಯೋಗ್. ಗ್ಲಿವಿಸ್‌ನದು ಗ್ಲಿವಿಸಿಂಗ್. ರಿವೊನ್‌ನದು ರಿವೊನಿಯೋಗ್. 'ಇವನು ನಮ್ಮ ಮೂಲ ಪುರುಷ' ಅಂತ ಪ್ರತಿ ರಾಜ್ಯಕ್ಕೂ ಒಬ್ಬ ಇದ್ದ, ಅಥವಾ ಇದ್ದ ಅಂತ ಹೇಳ್ಕೊಂಡ್ರು. ಈ 'ಅಥವಾ' ನೆನಪಿಡಿ, ಮುಂದಿನ ಭಾಗ ಪೂರ್ತಿ ಅದರ ಮೇಲೇ ನಿಂತಿದೆ.

ಎರಡನೇ ಸ್ಲೈಡ್‌ನಲ್ಲಿರೋ ಕಲ್ಲು ಪೆನ್‌ಮಾಖ್ನೋ ಅನ್ನೋ ಹಳ್ಳಿ ಚರ್ಚಿನದ್ದು. 5 ಅಥವಾ 6ನೇ ಶತಮಾನದ್ದು. ಕ್ಯಾಂಟಿಯೊರಿಕ್ಸ್ ಅನ್ನೋನ ಸಮಾಧಿ ಕಲ್ಲು. ಅದರಲ್ಲಿ ಲ್ಯಾಟಿನ್‌ನಲ್ಲಿ ಅವನನ್ನ ಗ್ವಿನೆದ್‌ನ 'ನಾಗರಿಕ' ಅಂತಲೂ, ಮ್ಯಾಗ್ಲಸ್ ಅನ್ನೋ 'ಮ್ಯಾಜಿಸ್ಟ್ರೇಟ್'ನ ದಾಯಾದಿ ಅಂತಲೂ ಕೆತ್ತಿದ್ದಾರೆ. ರೋಮ್ ಹೋಗಿ ತಲೆಮಾರುಗಳು ಕಳೆದಿವೆ, ಆದ್ರೂ ಬೆಟ್ಟದ ಮೂಲೆಯ ಒಬ್ಬ ಮನುಷ್ಯ ಸತ್ತಾಗ ಹಾಕ್ಕೊಂಡ ಗುರುತು ನಾಗರಿಕ ಅನ್ನೋದು. ಈ ಪುಟ್ಟ ರಾಜ್ಯಗಳವರು ತಮ್ಮನ್ನ ಪುಟ್ಟವರು ಅಂತ ಅಂದ್ಕೊಂಡೇ ಇರಲಿಲ್ಲ!

ಭಾಗ 3

ಈಗ ಕಿನೆದಾ ಕಥೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆಗಿದ್ದು ಇದೇ.

ಸುಮಾರು 829-30ರಲ್ಲಿ ಗ್ವಿನೆದ್‌ನಲ್ಲಿ ಲ್ಯಾಟಿನ್ ಭಾಷೆಯ ಒಂದು ಪುಸ್ತಕ ಹುಟ್ತು, ಹೆಸರು ಹಿಸ್ಟೋರಿಯಾ ಬ್ರಿಟೋನಂ. ಅದರ ಪ್ರಕಾರ ಕಿನೆದಾ ಅನ್ನೋನು ದೂರದ ಉತ್ತರದಿಂದ, ಈಗಿನ ಸ್ಕಾಟ್ಲೆಂಡಿನ ಫೋರ್ತ್ ನದಿ ಕಡೆಯಿಂದ, ಎಂಟು ಗಂಡುಮಕ್ಕಳ ಜೊತೆ ಬಂದು ಐರಿಷರನ್ನ ಓಡಿಸಿ ನಾಡನ್ನ ಹಿಡ್ಕೊಂಡ. ಆಮೇಲಿನ ವಂಶಾವಳಿಯೊಂದು ಈ ಮಕ್ಕಳ ಪಟ್ಟಿ ಕೊಡುತ್ತೆ. ಕೆರೆಡಿಗ್, ರಿವೊನ್, ಡಿನೋಡ್, ಎಡೆರ್ನ್, ಡೊಗ್‌ವೈಲ್, ಅವ್ಲೊಯ್ಗ್... ನಕ್ಷೆ ನೋಡಿ: ಕೆರೆಡಿಗಿಯಾನ್, ರಿವೊನಿಯೋಗ್, ಡಿನೋಡಿಂಗ್, ಎಡೈರ್ನಿಯಾನ್, ಡೊಗ್‌ವೈಲಿಂಗ್, ಅವ್ಲೊಗಿಯಾನ್. ಒಬ್ಬೊಬ್ಬ ಮಗನಿಗೆ ಒಂದೊಂದು ನಾಡು!

ಹಿರಿ ಮಗ ಟಬಿಯಾನ್ ಮಾತ್ರ ಹೊರಡೋ ಮುಂಚೆ ಅಲ್ಲೇ ತೀರಿಕೊಂಡಿದ್ದ. ಅವನ ಮಗ ಮೈರಿಯಾನ್ ಚಿಕ್ಕಪ್ಪಂದಿರ ಜೊತೆ ಬಂದು ಅಪ್ಪನ ಪಾಲು ತಗೊಂಡ. ಅದೇ ಮೈರಿಯೊನಿದ್.

ಇದನ್ನ ಓದಿದಾಗ ನಾನು ಒಂದು ನಿಮಿಷ ಫೋನ್ ಕೆಳಗಿಟ್ಟೆ. ನಮ್ಮನೇಲಿ ಅಜ್ಜನ ಜಮೀನು ಪಾಲಾದಾಗ ಹೀಗೇ ಆಗಿತ್ತು. ದೊಡ್ಡಪ್ಪ ಅಜ್ಜನಿಗಿಂತ ಮೊದಲೇ ಹೋಗಿದ್ರು, ಅವರ ಪಾಲು ಅಣ್ಣನಿಗೆ ಬಂತು. ನಮ್ಮಪ್ಪ ಕಿರಿಯವರು. ಎಲ್ಲರೂ ಆರಿಸಿ ಉಳಿದಿದ್ದು ನಮ್ಮದು.

ವೇಲ್ಸ್‌ನ ಕಾನೂನು ಪುಸ್ತಕಗಳಲ್ಲಿ ಇದಕ್ಕೊಂದು ನಿಯಮ ಇದೆ: ಅಣ್ಣತಮ್ಮಂದಿರಲ್ಲಿ ಕಿರಿಯವನು ಪಾಲು ಮಾಡಬೇಕು, ಹಿರಿಯವನು ಮೊದಲು ಆರಿಸಬೇಕು, ಹಾಗೇ ವಯಸ್ಸಿನ ಪ್ರಕಾರ ಕೆಳಗೆ ಬರಬೇಕು. ಯೋಚನೆ ಮಾಡಿ, ಕೊನೆಗೆ ಉಳಿಯೋದು ನಿನ್ನದೇ ಅಂದ್ಮೇಲೆ ನೀನು ಒಂದು ಗುಲಗಂಜಿ ಆಚೆ ಈಚೆ ಆಗದ ಹಾಗೆ ಪಾಲು ಮಾಡ್ತೀಯ. ಇದನ್ನ ಅಪ್ಪನಿಗೆ ಹೇಳ್ದೆ. ಅವರು ನಕ್ಕರು, ಆಮೇಲೆ ಸುಮ್ಮನಾದ್ರು.

(ಹೆಣ್ಣುಮಕ್ಕಳಿಗೆ ಆ ಕಾನೂನಿನಲ್ಲಿ ಸಾಮಾನ್ಯವಾಗಿ ಜಮೀನಿಲ್ಲ. ಹೊಗಳ್ತಾ ಹೋಗೋಕೆ ಮುಂಚೆ ಇದನ್ನೂ ಹೇಳಬೇಕು.)

ಸರಿ, ಕಿನೆದಾ ಕಥೆ ನಿಜವಾ? ಇತಿಹಾಸಕಾರರಲ್ಲಿ ಹೆಚ್ಚಿನವರು ನಂಬಲ್ಲ. ಮಕ್ಕಳ ಹೆಸರಿಂದ ನಾಡಿಗೆ ಹೆಸರು ಬಂದಿದ್ದಲ್ಲ, ನಾಡುಗಳ ಹೆಸರು ನೋಡ್ಕೊಂಡು ಮಕ್ಕಳನ್ನ ಸೃಷ್ಟಿ ಮಾಡಿದ್ದಾರೆ ಅನ್ನೋದು ಅವರ ವಾದ. ಎಲ್ಲರೂ ಅಲ್ಲದಿದ್ರೂ ಕೆಲವರಾದ್ರೂ ಹಾಗೆ ಹುಟ್ಟಿದವರು. ಯಾಕೆ ಅಂತ ಕೇಳಿದ್ರೆ ಆ ಪುಸ್ತಕ ಬರೆದ ಕಾಲ ನೋಡಿ. 825ರಲ್ಲಿ ಗ್ವಿನೆದ್‌ನ ಹಳೇ ರಾಜವಂಶದ ಹವೆಲ್ ಸತ್ತ, ಮರ್ವಿನ್ ಅನ್ನೋ ಹೊರಗಿನವನು ಸಿಂಹಾಸನಕ್ಕೆ ಬಂದ. ಹೊಸಬನಿಗೆ ಏನು ಬೇಕು? 'ಈ ವಂಶದ ಮೂಲಪುರುಷನೂ ಹೊರಗಿಂದಲೇ ಬಂದವನು' ಅನ್ನೋ ಕಥೆ ಬೇಕು. 'ಸುತ್ತಲಿನ ಸಣ್ಣ ನಾಡುಗಳೆಲ್ಲ ಒಂದೇ ಮನೆಯ ಪಾಲು' ಅನ್ನೋ ಕಥೆ ಬೇಕು. ಒಂದೇ ಮನೆ ಅಂದ್ಮೇಲೆ ಮತ್ತೆ ಒಟ್ಟು ಸೇರಿಸೋದು ಆಕ್ರಮಣ ಅನ್ನಿಸಲ್ಲ ಅಲ್ವಾ?

ನಮ್ಮ ಭಾಷೇಲಿ ಹೇಳೋದಾದ್ರೆ ಇದು ಹಿಂದಿನ ತಾರೀಖು ಹಾಕಿ ಬರೆದ ಪಾಲುಪತ್ರ.

ಭಾಗ 4

ಹಾಗಾದ್ರೆ ರಿವೊನಿಯೋಗ್ ನಿಜವಾಗ್ಲೂ ರಾಜ್ಯವಾಗಿತ್ತಾ, ಇಲ್ಲ ಸುಮ್ಮನೆ ಒಂದು ಜಾಗದ ಹೆಸರಾ?

ವೇಲ್ಸ್‌ನ ವಾರ್ಷಿಕ ದಾಖಲೆ ಒಂದಿದೆ, ಆನಾಲೆಸ್ ಕೇಂಬ್ರಿಯೆ. ಒಂದು ವರ್ಷಕ್ಕೆ ಒಂದು ಸಾಲು, ಎರಡು ಸಾಲು, ಡೇಬುಕ್ ಥರ. ಅದರಲ್ಲಿ 816ರ ಎಂಟ್ರಿ: ಸ್ಯಾಕ್ಸನ್ನರು ಎರರಿ ಬೆಟ್ಟಗಳ ಮೇಲೆ ಮತ್ತು ರಿವೊನಿಯೋಗ್ 'ರಾಜ್ಯ'ದ ಮೇಲೆ ನುಗ್ಗಿದ್ರು. ರಾಜ್ಯ ಅನ್ನೋ ಪದವನ್ನೇ ಬಳಸಿದ್ದಾರೆ. ಅಂದ್ರೆ 9ನೇ ಶತಮಾನದ ಶುರುವಿನಲ್ಲಿ ಅದಿನ್ನೂ ರಾಜ್ಯ.

ಆಮೇಲೆ ದಾಖಲೆಗಳಲ್ಲಿ ಅದು ಮತ್ತೆ ಕಾಣೋದು ರಾಜ್ಯ ಆಗಿ ಅಲ್ಲ, 'ಕಾಂಟ್ರೆವ್' ಆಗಿ. ಗ್ವಿನೆದ್‌ನ ಒಂದು ಭಾಗ ಆಗಿ. ರೋಸ್‌ದೂ ಇದೇ ಗತಿ, ಡಿನೋಡಿಂಗ್‌ದೂ. ಅವ್ಲೊಗಿಯಾನ್ ಇನ್ನೂ ಕೆಳಗಿಳಿದು ಕಾಂಟ್ರೆವ್ ಒಳಗಿನ 'ಕುಮುಡ್' ಆಯ್ತು, ಡೊಗ್‌ವೈಲಿಂಗ್ ಕೂಡ.

ಕಾಂಟ್ರೆವ್, ಕುಮುಡ್ ಅಂದ್ರೆ? ತಾಲ್ಲೂಕು, ಹೋಬಳಿ ಅಂದ್ಕೊಳ್ಳಿ. ಪೂರ್ತಿ ಸರಿಯಲ್ಲ, ಆದ್ರೆ ಮನಸ್ಸಿಗೆ ಚಿತ್ರ ಬರುತ್ತೆ. ಕಾಂಟ್ ಅಂದ್ರೆ ನೂರು, ಟ್ರೇವ್ ಅಂದ್ರೆ ಊರು. ನೂರು ಊರಿನ ಗುಂಪು ಕಾಂಟ್ರೆವ್. ಕುಮುಡ್ ಅನ್ನೋ ಪದಕ್ಕೆ ಒಟ್ಟಿಗೆ ಇರೋದು, ನೆರೆಹೊರೆ ಅನ್ನೋ ಅರ್ಥ. ಒಂದೊಂದು ಕುಮುಡ್‌ಗೂ ರಾಜನ ಒಂದು ಮನೆ, ಅದಕ್ಕೆ ಸೇರಿದ ಒಂದು ಊರು. ರಾಜ ಪರಿವಾರ ಕಟ್ಕೊಂಡು ಸುತ್ತುತಾ ಬರ್ತಿದ್ದ. ಜನ ಕೊಡ್ತಿದ್ದಿದ್ದು ದುಡ್ಡಲ್ಲ, ಊಟ: ಹಿಟ್ಟು, ಮಾಂಸ, ಜೇನು, ಬಿಯರ್. ತೆರಿಗೆ ವಸೂಲಿಗೆ ಬಂದವನು ಅಲ್ಲೇ ಕೂತು ತೆರಿಗೆಯನ್ನ ತಿಂದು ಹೋಗ್ತಿದ್ದ.

ಹಾಗಾಗಿ ರಾಜ್ಯ ಕಳೆದುಕೊಂಡ ಊರಿನವನಿಗೆ ದಿನದ ಬದುಕಲ್ಲಿ ಬದಲಾಗಿದ್ದು ಒಂದೇ, ಅನ್ನೋದು ನನ್ನ ಅಂದಾಜು. ಅದೇ ಜೇನು, ಅದೇ ಹಿಟ್ಟು. ತಿನ್ನೋಕೆ ಬರೋ ಬಾಯಿ ಮಾತ್ರ ಬೇರೆ.

ಭಾಗ 5

ಬಿಕಾಂನವರು ಎಲ್ಲಿದ್ದೀರಾ, ಈ ಭಾಗ ನಿಮಗೆ.

13ನೇ ಶತಮಾನದ ಗ್ವಿನೆದ್‌ನ ಕಾನೂನು ಪುಸ್ತಕ ಭೂಮಿ ಲೆಕ್ಕ ಹೀಗೆ ಕೊಡುತ್ತೆ. 4 ಎಕರೆಗೆ ಒಂದು ಮನೆ ಹಿತ್ತಲು (ಅವರ ಎಕರೆ ನಮ್ಮದಕ್ಕಿಂತ ಚಿಕ್ಕದು). ಅಂಥ 4 ಸೇರಿದ್ರೆ ಒಂದು ಪಾಲು. 4 ಪಾಲಿಗೆ ಒಂದು ಹಿಡುವಳಿ. 4 ಹಿಡುವಳಿಗೆ ಒಂದು ಊರು. 4 ಊರಿಗೆ ಒಂದು ಗುಂಪು, ಅದರ ಹೆಸರು ಮೈನಾಲ್. 12 ಮೈನಾಲ್ ಮತ್ತು 2 ಊರು ಸೇರಿ ಒಂದು ಕುಮುಡ್. ಆ ಎರಡು ಊರು ರಾಜನಿಗೆ: ಒಂದು ಅವನ ಮನೆಗೆ, ಇನ್ನೊಂದು ಅವನ ಬೇಸಿಗೆ ಹುಲ್ಲುಗಾವಲಿಗೆ. ಎರಡು ಕುಮುಡ್‌ಗೆ ಒಂದು ಕಾಂಟ್ರೆವ್.

ಕ್ಯಾಲ್ಕುಲೇಟರ್ ತಗೊಳ್ಳಿ. ಒಂದು ಊರಿಗೆ 256 ಎಕರೆ. ಕುಮುಡ್‌ಗೆ 12 ಗುಣಿಸು 4, ಅಂದ್ರೆ 48, ಅದಕ್ಕೆ 2 ಕೂಡಿಸಿ 50 ಊರು, 12,800 ಎಕರೆ. ಕಾಂಟ್ರೆವ್‌ಗೆ 100 ಊರು, 25,600 ಎಕರೆ. ಟ್ಯಾಲಿ ಆಯ್ತು! ಒಂದು ಪೈಸೆ ವ್ಯತ್ಯಾಸ ಇಲ್ಲ.

ನಮ್ಮ ಆಡಿಟಿಂಗ್ ಮೇಡಂ ಒಂದು ಮಾತು ಹೇಳ್ತಾರೆ: ತೀರಾ ಚೆನ್ನಾಗಿ ಟ್ಯಾಲಿ ಆಗೋ ಲೆಕ್ಕ ಕಂಡ್ರೆ ಮತ್ತೊಂದ್ಸಲ ನೋಡಿ.

ನೋಡಿದೆ. ಮೊನ್ ದ್ವೀಪದಲ್ಲಿ (ಇಂಗ್ಲಿಷಲ್ಲಿ ಆಂಗಲ್ಸಿ) ಲೆಕ್ಕ ಸರಿ ಕೂರುತ್ತೆ: 3 ಕಾಂಟ್ರೆವ್, ಒಂದೊಂದಕ್ಕೂ 2 ಕುಮುಡ್. ಡಿನೋಡಿಂಗ್‌ನಲ್ಲೂ ಎರಡೇ, ಐವಿಯೊನಿದ್ ಮತ್ತು ಅರ್ಡಿಡ್ವಿ. ಆದ್ರೆ ಅದೇ ಗ್ವಿನೆದ್‌ನ ಲ್ಲೀನ್‌ನಲ್ಲಿ 3. ರಿವೊನಿಯೋಗ್‌ನಲ್ಲಿ 3. ದಕ್ಷಿಣಕ್ಕೆ ಹೋದ್ರೆ ಕತೆ ಮುಗೀತು, 'ದೊಡ್ಡ ಕಾಂಟ್ರೆವ್' ಅನ್ನೋದ್ರಲ್ಲಿ 7 ಕುಮುಡ್, ಡವೆಡ್‌ನ ಕಾಂಟ್ರೆವ್ ಗ್ವಾರ್ಥಾವ್‌ನಲ್ಲಿ 8!

ಯಾಕಂದ್ರೆ ಇವು ಯಾರೋ ಸ್ಕೇಲ್ ಇಟ್ಟು ಕೊಯ್ದ ತುಂಡುಗಳಲ್ಲ. ಎಷ್ಟೋ ಕಡೆ ಗಡಿ ಒಂದು ನದಿ, ಒಂದು ಬೆಟ್ಟದ ಸಾಲು. ಕೆಲವು ಕಡೆ ಒಂದು ಹಳೇ ರಾಜ್ಯದ ಗಡಿ. ರಿವೊನಿಯೋಗ್‌ನ ಎರಡು ಕುಮುಡ್‌ಗಳ ಹೆಸರೇ ಆಲೆಡ್ ನದಿಯ ಮೇಲ್ಗಡೆಯದು, ಕೆಳಗಡೆಯದು ಅಂತ. ಮೊದಲು ನೆಲ, ಆಮೇಲೆ ರಾಜ್ಯ, ಎಲ್ಲಕ್ಕಿಂತ ಕೊನೆಗೆ ಆ ನೂರರ ಲೆಕ್ಕ. ಕಾನೂನು ಬರೆದವರು ಇದ್ದಿದ್ದನ್ನ ಅಳೆದಿಲ್ಲ, ಇರಬೇಕಾಗಿದ್ದನ್ನ ಬರೆದ್ರು.

ಭಾಗ 6

ಇನ್ನು ಸಣ್ಣ ರಾಜರಿಗೆ ಏನಾಯ್ತು ಅಂತ. ಪಾಲು ಮಾಡಿ ಮಾಡಿ ರಾಜ್ಯಗಳು ಚೂರಾದ್ವು ಅಂತ ಹಳೇ ಪುಸ್ತಕಗಳು ಹೇಳ್ತವೆ. ನಾನು ಪೂರ್ತಿ ಒಪ್ಪಲ್ಲ. ಜಮೀನಿಗೆ ಪಾಲಿನ ಕಾನೂನು ಇತ್ತು ನಿಜ, ಆದ್ರೆ ರಾಜಪಟ್ಟಕ್ಕೆ ಕಾನೂನು ಪುಸ್ತಕ ಹೇಳೋದು ಒಬ್ಬನೇ ವಾರಸುದಾರ. ಮತ್ತೆ 9ನೇ ಶತಮಾನದಲ್ಲಿ ನಡೆದಿದ್ದು ಚೂರಾಗೋದಲ್ಲ, ನುಂಗೋದು.

ನುಂಗಿದವನು ರೋಡ್ರಿ, ಆ ಮರ್ವಿನ್‌ನ ಮಗ. 844ರಲ್ಲಿ ಗ್ವಿನೆದ್ ರಾಜ. 850ರ ದಶಕದ ಮಧ್ಯದಲ್ಲಿ ಪೊವಿಸ್‌ನ ಕಂಗೆನ್ ರೋಮ್‌ನಲ್ಲಿ ಸತ್ತ, ಪೊವಿಸ್ ರೋಡ್ರಿಗೆ. 870ರ ದಶಕದ ಶುರುವಲ್ಲಿ ಕೆರೆಡಿಗಿಯಾನ್‌ನ ಗ್ವುಗಾನ್ ನೀರಲ್ಲಿ ಮುಳುಗಿ ಸತ್ತ, ಅದೂ ರೋಡ್ರಿಗೆ. ಹಕ್ಕು ಎಲ್ಲಿಂದ ಅಂದ್ರೆ ಒಂದು ತಾಯಿ ಕಡೆಯಿಂದ, ಇನ್ನೊಂದು ಹೆಂಡತಿ ಕಡೆಯಿಂದ ಅಂತ ಆಮೇಲಿನ ವಂಶಾವಳಿಗಳು ಹೇಳ್ತವೆ. ಹೆಣ್ಣಿಗೆ ಜಮೀನೇ ಇಲ್ಲ ಅನ್ನೋ ಕಾನೂನಿನ ನಾಡಲ್ಲಿ ಹೆಣ್ಣಿನ ಮೂಲಕ ಎರಡು ರಾಜ್ಯ. ಬೇಕಾದಾಗ ಬೇಕಾದ ಪುಟ ತೆಗೀತಾರೆ.

ಕಂಗೆನ್ ಸಾಯೋ ಮುಂಚೆ ಒಂದು ಕೆಲಸ ಮಾಡಿದ್ದ. ಇಂಗ್ಲಿಷರ ಕೈಯಿಂದ ಪೊವಿಸ್ ನೆಲ ವಾಪಸ್ ತಂದ ತನ್ನ ಮುತ್ತಜ್ಜ ಎಲಿಸೆಗ್ ನೆನಪಿಗೆ ಒಂದು ಕಲ್ಲಿನ ಕಂಬ ನಿಲ್ಲಿಸಿ, ವಂಶದ ಕಥೆ ಪೂರ್ತಿ ಲ್ಯಾಟಿನ್‌ನಲ್ಲಿ ಕೆತ್ತಿಸಿದ. ವಂಶ ಅವನಿಗೇ ಮುಗೀತು. 1696ರಲ್ಲಿ ಎಡ್ವರ್ಡ್ ಲುಯಿಡ್ ಅನ್ನೋ ವಿದ್ವಾಂಸ ಉಳಿದಿದ್ದ ಅಕ್ಷರಗಳನ್ನ ನಕಲು ಮಾಡ್ಕೊಂಡ. ಒಳ್ಳೇದಾಯ್ತು, ಈಗ ಆ ಕಲ್ಲಲ್ಲಿ ಓದೋಕೆ ಏನೂ ಉಳಿದಿಲ್ಲ. ಮೂರನೇ ಸ್ಲೈಡ್ ಅದೇ ಕಂಬ, ಮೊಂಡು ಕಲ್ಲು ಥರ ಕಾಣುತ್ತೆ.

ರೋಡ್ರಿ 878ರಲ್ಲಿ ಇಂಗ್ಲಿಷರ ಕೈಲಿ ಸತ್ತ. ಅವನ ಮಕ್ಕಳು ಇನ್ನೂ ಹಸಿದಿದ್ರು. ದಕ್ಷಿಣದ ಸಣ್ಣ ರಾಜರು ಏನು ಮಾಡಿದ್ರು ಅನ್ನೋದನ್ನ ಆಸರ್ ಅನ್ನೋ ಡವೆಡ್‌ನ ಪಾದ್ರಿ 893ರಲ್ಲಿ ಬರೆದಿಟ್ಟಿದ್ದಾನೆ. ಡವೆಡ್‌ನ ಹವೈದ್ ಮತ್ತು ಬ್ರಖೈನಿಯೋಗ್‌ನ ಎಲಿಸೆದ್ ರೋಡ್ರಿ ಮಕ್ಕಳ ಕಾಟ ತಡೀಲಾರದೆ, ಗ್ಲಿವಿಸಿಂಗ್ ಮತ್ತು ಗ್ವೆಂಟ್ ರಾಜರು ಪಕ್ಕದ ಮರ್ಸಿಯಾದ ಎಥೆಲ್‌ರೆಡ್ ಕಾಟ ತಡೀಲಾರದೆ, ಎಲ್ಲರೂ ಹೋಗಿ ವೆಸೆಕ್ಸ್‌ನ ಇಂಗ್ಲಿಷ್ ರಾಜ ಆಲ್‌ಫ್ರೆಡ್ ಆಸರೆ ಕೇಳಿದ್ರು.

ಇದನ್ನ ದ್ರೋಹ ಅಂತ ಬರೆಯೋದು ಸುಲಭ, 'ಪರಕೀಯರು' ಅಂತ ಕರೆದವನ ಹತ್ರಾನೇ ಹೋದ್ರು ಅಂತ. ಆದ್ರೆ ಅವರ ಜಾಗದಲ್ಲಿ ನಿಂತು ನೋಡಿ. ನಿಮ್ಮ ಭಾಷೆ ಆಡೋ ದೊಡ್ಡ ಮೀನು ನಿಮ್ಮನ್ನ ನುಂಗೋಕೆ ಬಂದಿದೆ. ದೂರದ ಇನ್ನೊಂದು ದೊಡ್ಡ ಮೀನಿಗೆ ಸದ್ಯಕ್ಕೆ ನಿಮ್ಮ ಮೇಲೆ ಹಸಿವಿಲ್ಲ. ಏನು ಮಾಡ್ತೀರ? ಅದೇ ಹವೈದ್ ಆಸರ್‌ನ ಮಠವನ್ನ ಎಷ್ಟೋ ಸಲ ಲೂಟಿ ಮಾಡಿದ್ದವನು ಅನ್ನೋದೂ ಇದೆ. ಸಣ್ಣವರು ಅಂದ ಮಾತ್ರಕ್ಕೆ ಪಾಪದವರಲ್ಲ.

ಭಾಗ 7

ಈ ಭಾಗ ಬರೀ ಬ್ರಖೈನಿಯೋಗ್‌ಗೆ.

ಅಲ್ಲಿ ಲ್ಯಾಂಗೋರ್ಸ್ ಅನ್ನೋ ಕೆರೆ ಇದೆ (ಹೂಂ, ಇಲ್ಲಿ ನಿಜವಾಗ್ಲೂ ಕೆರೆ ಇದೆ). ಅದರ ಮಧ್ಯೆ ಕಲ್ಲು, ಮರ ಹಾಕಿ ಮಾಡಿದ ಒಂದು ಕೃತಕ ದ್ವೀಪ. ಮರದ ದಿಮ್ಮಿಗಳ ಉಂಗುರ ಎಣಿಸಿ ನೋಡಿದಾಗ ಅವನ್ನ ಕಡಿದಿದ್ದು 889ರಿಂದ 893ರ ಮಧ್ಯೆ ಅಂತ ತಿಳೀತು. ಅಂದ್ರೆ ಆಲ್‌ಫ್ರೆಡ್ ಹತ್ರ ಹೋದ ಎಲಿಸೆದ್ ಕಾಲದ್ದೇ. ಇಡೀ ವೇಲ್ಸ್‌ನಲ್ಲಿ ಈ ಥರದ ದ್ವೀಪ ಗೊತ್ತಿರೋದು ಇದೊಂದೇ, ಐರ್ಲೆಂಡಲ್ಲಿ ಇಂಥವು ತುಂಬಾ. ಪುಟ್ಟ ರಾಜ, ಆದ್ರೆ ಮನೆ ನೋಡಿ!

916ರಲ್ಲಿ ಒಬ್ಬ ಆಬಟ್‌ನ ಕೊಲೆ ಆಯ್ತು. ಮೂರೇ ದಿನಕ್ಕೆ ಮರ್ಸಿಯಾದ ರಾಣಿ ಎಥೆಲ್‌ಫ್ಲೆಡ್, ಆಲ್‌ಫ್ರೆಡ್‌ನದೇ ಮಗಳು, ಸೈನ್ಯ ಕಳಿಸಿದಳು. ದ್ವೀಪ ನಾಶ ಆಯ್ತು, ರಾಜನ ಹೆಂಡತಿ ಸೇರಿ 34 ಜನ ಸೆರೆ. ಅಪ್ಪ ಕೊಟ್ಟ ರಕ್ಷಣೆಯ ವ್ಯಾಲಿಡಿಟಿ ಮಗಳ ಕಾಲಕ್ಕೆ ಮುಗಿದಿತ್ತು. ಇಂಗ್ಲಿಷ್ ದಾಖಲೆ ಆ ಹೆಂಡತಿಯ ಹೆಸರೂ ಬರೆದಿಲ್ಲ, ಸಂಖ್ಯೆ ಬರೆದಿದೆ.

1989ರಿಂದ 1993ರ ತನಕ ಅಲ್ಲಿ ಉತ್ಖನನ ನಡೀತು. ಸುಟ್ಟ ಮರ ಸಿಕ್ತು. ನೀರೊಳಗಿನ ಕೆಸರಲ್ಲಿ ಸುಟ್ಟು ಕರಿಕಾದ ಒಂದು ಬಟ್ಟೆ ಮುದ್ದೆ ಸಿಕ್ತು. ನಿಧಾನಕ್ಕೆ ಬಿಡಿಸಿ ನೋಡಿದ್ರೆ ನಯವಾದ ಲಿನನ್, ಅದರ ಮೇಲೆ ರೇಷ್ಮೆ ದಾರದ ಕಸೂತಿ, ಹಕ್ಕಿಗಳು, ಪ್ರಾಣಿಗಳು. ರೇಷ್ಮೆ ವೇಲ್ಸ್‌ನಲ್ಲಿ ಬೆಳೆಯಲ್ಲ, ಎಷ್ಟೋ ದೇಶ ದಾಟಿ ಬಂದಿದ್ದು. ಸುಟ್ಟಿದ್ದರಿಂದಲೇ, ನೀರಿಗೆ ಬಿದ್ದಿದ್ದರಿಂದಲೇ ಉಳೀತು. ಅದು ಯಾರ ಉಡುಗೆ ಅಂತ ಯಾರೂ ಹೇಳಿಲ್ಲ, ನಾನೂ ಹೇಳಲ್ಲ. ಆದ್ರೆ ಆ 34 ಜನರನ್ನ ನೆನೆಸ್ಕೊಳ್ಳದೆ ಆ ಫೋಟೋ ನೋಡೋಕೆ ನನಗಾಗ್ಲಿಲ್ಲ. ನಾಲ್ಕನೇ ಸ್ಲೈಡ್.

934ರಲ್ಲಿ ಇಂಗ್ಲಿಷ್ ರಾಜ ಎಥೆಲ್‌ಸ್ಟನ್ ಒಂದು ದಾನಪತ್ರ ಮಾಡಿದ. ಸಾಕ್ಷಿಗಳಲ್ಲಿ ಬ್ರಖೈನಿಯೋಗ್‌ನ ಟೌಡೂರ್ ಹೆಸರಿದೆ, ಮುಂದೆ ಪದವಿ 'ಉಪರಾಜ'. ಮಜಾ ಏನಂದ್ರೆ ಅದೇ ಪತ್ರದಲ್ಲಿ ರೋಡ್ರಿಯ ಮೊಮ್ಮಗ ಹವೆಲ್ ದಾ ಕೂಡ ಉಪರಾಜನೇ. ವೇಲ್ಸ್‌ನ ಕಾನೂನಿಗೆ ಹೆಸರಾದ, ಬೆಳ್ಳಿ ನಾಣ್ಯದ ಮೇಲೆ ಹೆಸರಿರೋ ಹವೆಲ್! ಸಣ್ಣವನನ್ನ ನುಂಗಿ ದೊಡ್ಡವನಾದವನೂ ಇನ್ನೊಬ್ಬನ ಮೇಜಿನ ಮೇಲೆ ಅದೇ ಸೈಜು. ಟೌಡೂರ್ ಆದ್ಮೇಲೆ ಬ್ರಖೈನಿಯೋಗ್ ರಾಜರು ದಾಖಲೆಗಳಿಂದ ಮಾಯ.

ಭಾಗ 8, ಕೊನೇದು

ರಾಜರು ಹೋದ್ರು. 1282-83ರಲ್ಲಿ ಇಂಗ್ಲೆಂಡಿನ ಮೊದಲ ಎಡ್ವರ್ಡ್ ಗ್ವಿನೆದ್ ಅನ್ನೂ ಗೆದ್ದ, ನುಂಗಿದವನನ್ನೂ ನುಂಗಿದ ಹಾಗೆ. 1284ರಲ್ಲಿ ಅವನು ಹೊಸ ಜಿಲ್ಲೆಗಳನ್ನ ಮಾಡಿದಾಗ ತಳಪಾಯಕ್ಕೆ ಬಳಸಿದ್ದು ಅದೇ ಹಳೇ ಕಾಂಟ್ರೆವ್, ಕುಮುಡ್‌ಗಳನ್ನ. ಹೊಸ ಗೆರೆ ಎಳೆಯೋದಕ್ಕಿಂತ ಇದ್ದ ಗೆರೆ ಮೇಲೆ ಶಾಯಿ ತೀಡೋದು ಸುಲಭ. ಮೈರಿಯೊನಿದ್ ಒಂದು ಜಿಲ್ಲೆ ಆಯ್ತು, 1974ರ ತನಕ ಜಿಲ್ಲೆಯಾಗೇ ಇತ್ತು.

1974ರಲ್ಲಿ ಜಿಲ್ಲೆಗಳನ್ನ ಮತ್ತೆ ಜೋಡಿಸಿದಾಗ ಗ್ವಿನೆದ್, ಪೊವಿಸ್, ಡವೆಡ್, ಗ್ವೆಂಟ್ ಹೆಸರುಗಳನ್ನ ಸಾವಿರ ವರ್ಷದ ಹಿಂದಿಂದ ಎತ್ಕೊಂಡು ಬಂದು ಬೋರ್ಡಿಗೆ ಹಾಕಿದ್ರು. 1996ರಲ್ಲಿ ಮತ್ತೆ ಬದಲಾವಣೆ, ಡವೆಡ್ ಮತ್ತು ಗ್ವೆಂಟ್ ಕೌನ್ಸಿಲ್‌ಗಳು ಹೋದ್ವು, ಕೆರೆಡಿಗಿಯಾನ್ ಬಂತು. ಡವೆಡ್ ಈಗ ಎಲ್ಲಿದೆ ಗೊತ್ತಾ? ಪೊಲೀಸ್ ಗಾಡಿ ಮೇಲೆ. 'ಡವೆಡ್-ಪೊವಿಸ್ ಪೊಲೀಸ್' ಅಂತ. ಎರ್ಗಿಂಗ್ ಇಂಗ್ಲೆಂಡಿಗೇ ಸೇರಿಹೋಯ್ತು, ಹೆರೆಫರ್ಡ್‌ಶೈರ್‌ನಲ್ಲಿ ಆರ್ಚನ್‌ಫೀಲ್ಡ್ ಅನ್ನೋ ಹೆಸರಲ್ಲಿದೆ. 1086ರ ಡೂಮ್ಸ್‌ಡೇ ಬುಕ್ಕಿನಲ್ಲಿ ಅಲ್ಲಿನ ವೆಲ್ಷ್ ಪದ್ಧತಿಗಳನ್ನ ಪ್ರತ್ಯೇಕ ಬರೆದಿದ್ದಾರೆ.

ರಿವೊನಿಯೋಗ್? ಅದರ ಹೆಸರಲ್ಲಿ ಜಿಲ್ಲೆ ಆಗ್ಲಿಲ್ಲ, ಪೊಲೀಸ್ ಗಾಡಿಯೂ ಇಲ್ಲ. 1282ರಲ್ಲಿ ಅದನ್ನ ರೋಸ್ ಜೊತೆ ಸೇರಿಸಿ ಹೆನ್ರಿ ಡಿ ಲೇಸಿ ಅನ್ನೋ ಇಂಗ್ಲಿಷ್ ಸರದಾರನಿಗೆ ಕೊಟ್ಟುಬಿಟ್ರು, ಡೆನ್‌ಬಿ ಅಂತ ಹೊಸ ಹೆಸರಲ್ಲಿ. 1334ರಲ್ಲಿ ಆ ಜಹಗೀರಿನ ಪೂರ್ತಿ ಸರ್ವೆ ಆಯ್ತು. ಯಾವ ಕುಟುಂಬದ ಬಳಿ ಎಷ್ಟು ಪಾಲು, ಎಷ್ಟು ಕಂದಾಯ ಅಂತ ಒಬ್ಬ ಗುಮಾಸ್ತ ಲ್ಯಾಟಿನ್‌ನಲ್ಲಿ ಬರೀತಾ ಹೋಗಿದ್ದಾನೆ, ಕುಮುಡ್ ಕುಮುಡ್ ಆಗಿ. ಅಣ್ಣತಮ್ಮಂದಿರು, ದಾಯಾದಿಗಳು, ಅವರ ಪಾಲಿನಲ್ಲಿ ಮತ್ತೆ ಪಾಲು, ಎಲ್ಲ ಲೆಕ್ಕ. ಯೂಖ್ ಆಲೆಡ್, ಇಸ್ ಆಲೆಡ್, ನದಿಯ ಮೇಲ್ಗಡೆ, ಕೆಳಗಡೆ, ಇನ್ನೂ ಅಲ್ಲೇ ಇವೆ.

ಕ್ಯಾಂಟೀನಿನವನೇ, ಅದು ಜಿಲ್ಲೆ ಅಲ್ಲ ಮಗಾ. ಸೋಮವಾರ ಟೀ ನಿಂದು.